ಬರಿಗೋಣೆಯೋ, ಬೊಕ್ಕಸವೋ?

‘ಸೆಲ್’ ಎಂದರೆ ‘ಜೀವಕೋಶ’ ಎಂದು ಶಾಲೆಯ ಹುಡುಗ ಉರುಹೊಡೆಯುತ್ತಾನೆ. ವಸ್ತು ಒಂದೇ, ಆದರೆ ಹೆಸರುಗಳೆರಡರ ಒಳಗಿನ ಭಾವ ಬೇರೆ ಬೇರೆ.

1665ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್, ಸೀಸೆಯ ಬಿರಡೆಗೆ ಬಳಸುವ ಬೆಂಡಿನ ತೆಳುವಾದ ಸೀಳೊಂದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಬಗೆಯನ್ನು ಪ್ರಕಟಿಸಿದನು. ಜೇನುಹುಟ್ಟಿನಂತೆ ಸಾಲುಸಾಲು ಕಿರುಗೂಡುಗಳು! ಒಂದು ಘನ ಅಂಗುಲದಲ್ಲಿ ಅವು 120 ಕೋಟಿಗೂ ಹೆಚ್ಚೆಂದು ಎಣಿಸಿ, ‘ಸೆಲ್’ ಎಂದು ಹೆಸರಿಟ್ಟನು. ಲ್ಯಾಟಿನ್ನಿನ ಮೂಲಪದಕ್ಕೆ ಚಿಕ್ಕ ಕೋಣೆಯೆಂದು ಅರ್ಥ. ಆದರೆ ಬೆಂಡು ಮರದ ಸತ್ತ ತೊಗಟೆ. ಅಲ್ಲಿ ಅವನು ಕಂಡದ್ದು ಜೀವ ತೊರೆದ ಮನೆಗಳ ಗೋಡೆಗಳನ್ನು.

ಒಳಗಿನ ಸಂಸಾರ ತಿಳಿದುಬಂದುದು ಮೆಲ್ಲಮೆಲ್ಲನೆ. 1831ರಲ್ಲಿ ರಾಬರ್ಟ್ ಬ್ರೌನ್ ಸೀತಾಳೆಯ ಜಾತಿಯ ಗಿಡಗಳ ಕೋಶಗಳಲ್ಲಿ ದುಂಡನೆಯ ಭಾಗವೊಂದನ್ನು ಗುರುತಿಸಿ ‘ನ್ಯೂಕ್ಲಿಯಸ್’ ಎಂದನು. ಕಾಯಿಯೊಳಗಿನ ತಿರುಳೆಂಬುದೇ ಅದರ ಮೂಲಾರ್ಥ. ಕನ್ನಡದಲ್ಲಿ ಅದು ‘ಕೋಶಕೇಂದ್ರ’. ಸಸ್ಯಗಳ ಒಡಲು ಕೋಶಗಳಿಂದಲೇ ಆದುದೆಂದು 1838ರಲ್ಲಿ ಶ್ಲೈಡನ್ನನೂ, ಪ್ರಾಣಿಗಳದೂ ಹಾಗೆಯೇ ಎಂದು 1839ರಲ್ಲಿ ಶ್ವಾನನೂ ಸಾರಿದರು. 1855ರಲ್ಲಿ ರುಡಾಲ್ಫ್ ವಿರ್ಕೋ, ಕೋಶ ಹುಟ್ಟುವುದು ಕೋಶದಿಂದಲೇ ಎಂದನು. ದೀಪದಿಂದ ದೀಪ ಹೊತ್ತುವಂತೆ.

ಇಷ್ಟೆಲ್ಲ ತಿಳಿದ ಮೇಲೂ ಇಂಗ್ಲಿಷಿನಲ್ಲಿ ಬರಿಗೋಣೆಯ ಹೆಸರೇ ಉಳಿಯಿತು. ನಮ್ಮ ‘ಕೋಶ’ಕ್ಕೆ ಆ ಕೊರತೆಯಿಲ್ಲ. ಅರಸನ ಬೊಕ್ಕಸ ಕೋಶ. ಮಾತುಗಳ ಭಂಡಾರ ಕೋಶ. ಕತ್ತಿಯ ಒರೆಯೂ ಕೋಶ. ಬೆಲೆಯುಳ್ಳದ್ದನ್ನು ಒಳಗಿಟ್ಟು ಕಾಯುವುದೇ ಅವುಗಳ ಧರ್ಮ. ತಾಯಿತಂದೆಯರಿಂದ ಬಂದ ವಂಶದ ಆಸ್ತಿಯನ್ನು ತನ್ನ ಕೇಂದ್ರದಲ್ಲಿ ಕಾಪಾಡುವ ವಸ್ತುವಿಗೆ ಇದಕ್ಕಿಂತ ಒಪ್ಪುವ ಹೆಸರುಂಟೆ? ಉರುಹೊಡೆಯುವ ಹುಡುಗನಿಗೆ ಹಿರಿಯರು ಇಷ್ಟನ್ನು ಬಿಡಿಸಿ ಹೇಳಿದರೆ, ಪರೀಕ್ಷೆ ಮುಗಿದ ಮೇಲೂ ಆ ಪದ ಅವನಲ್ಲಿ ಜೀವಂತವಾಗಿ ಉಳಿದೀತು.