ಗುಬ್ಬಿ ಹೊಟ್ಟೆ, ಕೊಕ್ಕರೆ ಹೊಟ್ಟೆ

ತಂಬ್ರಹಳ್ಳಿ ಸುತ್ತಿನ ಹೊಲಗಳಲ್ಲಿ ಜೋಳದ ತೆನೆ ಹಾಲುಗಾಳು ಕಟ್ಟಿತೆಂದರೆ ಗುಬ್ಬಿ ಹಿಂಡು ಹಾಜರು. ಅದೇ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆಯ ಜಾಲಿಮರಗಳಲ್ಲಿ ಬಣ್ಣದ ಕೊಕ್ಕರೆಗಳ ಸಂಸಾರ. 98.76 ಹೆಕ್ಟೇರಿನ ಈ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿ ಸೇರಿತು. ಗುಬ್ಬಿ, ಕೊಕ್ಕರೆ ಈ ಎರಡರಲ್ಲಿ ಹೊಟ್ಟೆಬಾಕ ಯಾವುದು?

ತಲೆಗಿಷ್ಟು ಅಂತ ಲೆಕ್ಕ ಹಿಡಿದರೆ ಅನುಮಾನವೇ ಇಲ್ಲ. 25 ಗ್ರಾಂ ತೂಗುವ ಗುಬ್ಬಿಗೆ ದಿನಕ್ಕೆ ಅಂದಾಜು 6 ಗ್ರಾಂ ಒಣಜೋಳ ಸಾಕು. ಎರಡೂವರೆ ಕಿಲೋ ಕೊಕ್ಕರೆಗೆ ಹೆಚ್ಚುಕಡಿಮೆ ಅರ್ಧ ಕಿಲೋ ಮೀನು ಬೇಕು. ಮೈತೂಕಕ್ಕೆ ಹೋಲಿಸಿದರೆ? ಗುಬ್ಬಿ ತಿನ್ನುವುದು ತನ್ನ ತೂಕದ ಸುಮಾರು ಕಾಲುಭಾಗ, ಕೊಕ್ಕರೆ ಐದನೇ ಒಂದು ಭಾಗ. ಸರಿಸುಮಾರು ಸಮಸಮ!

ಮೋಸ ಇರುವುದು ಇಲ್ಲೇ. ಮೀನಿನ ತೂಕದಲ್ಲಿ ಮುಕ್ಕಾಲು ಪಾಲು ನೀರು. ಒಂದು ಗ್ರಾಂ ಮೀನಿನಲ್ಲಿ ಸುಮಾರು 1 ಕಿಲೋಕ್ಯಾಲೊರಿ ಇದ್ದರೆ, ಒಣಜೋಳದಲ್ಲಿ ಮೂರಕ್ಕೂ ಹೆಚ್ಚು. ಹಾಲಿನ ದರವನ್ನೂ ತುಪ್ಪದ ದರವನ್ನೂ ಬರೀ ಲೀಟರಿನಲ್ಲಿ ಹೋಲಿಸಿದ ಹಾಗೆ. ಶಕ್ತಿಗೆ ತಿರುಗಿಸಿ ನೋಡಿ: ಗುಬ್ಬಿಗೆ 20, ಕೊಕ್ಕರೆಗೆ 500 ಕಿಲೋಕ್ಯಾಲೊರಿ. ಮೈಯ ಪ್ರತಿ ಗ್ರಾಮಿಗೆ ಭಾಗಿಸಿದರೆ 0.8 ಮತ್ತು 0.2. ಗುಬ್ಬಿಯ ಒಲೆ ನಾಲ್ಕು ಪಟ್ಟು ಜೋರು.

ತಟ್ಟೆಯಲ್ಲಿ ಸಣ್ಣ ಮುದ್ದೆ ದೊಡ್ಡದಕ್ಕಿಂತ ಬೇಗ ಆರುತ್ತದಲ್ಲ, ಕಾರಣ ಒಂದಿಷ್ಟು ಅದೇ. ಗಾತ್ರ ಕಿರಿದಾದಷ್ಟೂ ತೂಕಕ್ಕೆ ಹೋಲಿಸಿದರೆ ಮೈಯ ಹೊರಮೈ ಹೆಚ್ಚು, ಸೋರುವ ಶಾಖವೂ ಹೆಚ್ಚು. ಆದರೆ ಕಥೆ ಇಷ್ಟಕ್ಕೇ ಮುಗಿಯುವುದಿಲ್ಲ. 1932ರಲ್ಲಿ ವಿಜ್ಞಾನಿ ಮ್ಯಾಕ್ಸ್ ಕ್ಲೈಬರ್ ಹಲವು ಪ್ರಾಣಿಗಳ ಲೆಕ್ಕ ಜೋಡಿಸಿದಾಗ, ಶಕ್ತಿಯ ಖರ್ಚು ತೂಕದ ಮುಕ್ಕಾಲು ಘಾತದಂತೆ ಏರುವುದು ಕಂಡಿತು. ಹೊರಮೈಯೊಂದೇ ಕಾರಣವಾಗಿದ್ದರೆ ಮೂರನೇ ಎರಡು ಘಾತ ಬರಬೇಕಿತ್ತು. ಈ ಅಂತರ ಯಾಕೆಂದು ವಿಜ್ಞಾನಿಗಳು ಇನ್ನೂ ಜಗಳವಾಡುತ್ತಿದ್ದಾರೆ.

ಕವಣೆ ಹಿಡಿದು ಅಟ್ಟಣಿಗೆ ಏರಿದ ರೈತನಿಗೆ ಘಾತದ ಗೊಡವೆ ಬೇಡ. ಮರಿಗಳಿಗೆ ಗುಬ್ಬಿ ಹುಳು ಹುಪ್ಪಟೆ ಹಿಡಿದು ತಿನ್ನಿಸುತ್ತದೆ ಎಂದು ಅವನಿಗೆ ಹೇಳಿ ನೋಡಿ, ನಗುತ್ತಾನೆ. ಅವನ ಲೆಕ್ಕ ಹೊಲಕ್ಕಿಷ್ಟು, ದಿನಕ್ಕಿಷ್ಟು: ಸಾವಿರ ಗುಬ್ಬಿ ಬರೀ ಜೋಳವನ್ನೇ ತಿಂದರೆ ದಿನಕ್ಕೆ 6 ಕಿಲೋ, ಇಪ್ಪತ್ತು ದಿನಕ್ಕೆ ಕ್ವಿಂಟಲ್ ಚೀಲ ತುಂಬಿ ಮೇಲೆ ಇಪ್ಪತ್ತು ಕಿಲೋ. ಕೊಕ್ಕಿನಿಂದ ಉದುರಿ ನೆಲಕ್ಕೆ ಬಿದ್ದದ್ದು ಬೇರೆ.