ನಿಮಗಿದು ಗೊತ್ತೇ? ಅಂಗಡಿಗೆ ಆ್ಯಪ್ ಬೇಕೋ, ಲಿಂಕ್ ಸಾಕೋ

ಐಫೋನ್ ಹುಟ್ಟಿದಾಗ ಆ್ಯಪ್ ಸ್ಟೋರ್ ಎಂಬುದೇ ಇರಲಿಲ್ಲ, ಗೊತ್ತೇ? 2007ರ ಜೂನ್‌ನಲ್ಲಿ ಡೆವಲಪರ್‌ಗಳ ಮುಂದೆ ನಿಂತ ಸ್ಟೀವ್ ಜಾಬ್ಸ್, ಆ್ಯಪ್ ಬೇಕಿದ್ದರೆ ವೆಬ್‌ನಲ್ಲೇ ಕಟ್ಟಿಕೊಳ್ಳಿ, ಸಫಾರಿ ಅದನ್ನು ಓಡಿಸುತ್ತದೆ ಎಂದು ಹೇಳಿ ಕೈತೊಳೆದುಕೊಂಡರು. ಮರುವರ್ಷ ಜುಲೈ 10ಕ್ಕೆ 500 ಆ್ಯಪ್‌ಗಳ ಸ್ಟೋರ್ ಬಾಗಿಲು ತೆರೆಯಿತು. ವೆಬ್ಬೋ ಆ್ಯಪ್ಪೋ ಎಂಬ ಜಗಳ ಶುರುವಾದದ್ದು ಅಲ್ಲಿಂದ.

ಆ ಜಗಳದ ವೆಬ್ ಪಕ್ಷಕ್ಕೆ ಈಗಿನ ಹೆಸರು ಪ್ರೋಗ್ರೆಸಿವ್ ವೆಬ್ ಆ್ಯಪ್, ಚಿಕ್ಕದಾಗಿ ಪಿಡಬ್ಲ್ಯುಎ. 2015ರಲ್ಲಿ ಅಲೆಕ್ಸ್ ರಸೆಲ್ ಮತ್ತು ಫ್ರಾನ್ಸಿಸ್ ಬೆರಿಮನ್ ಊಟಕ್ಕೆ ಕೂತಿದ್ದಾಗ ಹೊಳೆದ ಹೆಸರು ಅದು. ಮಾಮೂಲಿ ವೆಬ್‌ಸೈಟಿಗೆ ಮೂರು ವಸ್ತು ಸೇರಬೇಕು: ಎಚ್‌ಟಿಟಿಪಿಎಸ್ ವಿಳಾಸ, ಹೆಸರು-ಐಕಾನು-ಬಣ್ಣ ಬರೆದಿಟ್ಟ ಮ್ಯಾನಿಫೆಸ್ಟ್ ಎಂಬ ಪುಟ್ಟ ಕಡತ, ಸರ್ವಿಸ್ ವರ್ಕರ್ ಎಂಬ ತೆರೆಮರೆಯ ಸ್ಕ್ರಿಪ್ಟು. ಅಷ್ಟಾದರೆ ಸೈಟು ಹೋಮ್ ಸ್ಕ್ರೀನಿನಲ್ಲಿ ಉಳಿದ ಆ್ಯಪ್‌ಗಳ ಪಕ್ಕ ಬಂದು ಕೂರುತ್ತದೆ. ಒತ್ತಿದರೆ ಮೇಲಿನ ವಿಳಾಸಪಟ್ಟಿ ಕಾಣುವುದಿಲ್ಲ. ನೋಡಿದವರಿಗೆ ಆ್ಯಪ್ಪೇ.

ಈ ಪ್ರಯೋಗ ದೊಡ್ಡ ಮಟ್ಟದಲ್ಲಿ ಮೊದಮೊದಲು ನಡೆದ ಜಾಗಗಳಲ್ಲಿ ನಮ್ಮ ಬೆಂಗಳೂರೂ ಒಂದು. 2015ರ ಹೊತ್ತಿಗೆ ಇಲ್ಲಿನ ಇ-ಕಾಮರ್ಸ್ ಕಂಪನಿಗಳಿಗೆ ‘ಆ್ಯಪ್ ಓನ್ಲಿ’ ಜ್ವರ ಹಿಡಿದಿತ್ತು. ಮಿಂತ್ರಾ ಆ ವರ್ಷದ ಮೇನಲ್ಲಿ ವೆಬ್‌ಸೈಟನ್ನೇ ಮುಚ್ಚಿ, ಬಟ್ಟೆ ಬೇಕಾದವರು ಆ್ಯಪ್ ಹಾಕಿಕೊಳ್ಳಲಿ ಎಂದಿತು. ಮಾತೃಸಂಸ್ಥೆ ಫ್ಲಿಪ್‌ಕಾರ್ಟ್ ಕೂಡ ಮೊಬೈಲ್ ಸೈಟಿಗೆ ಬೀಗ ಹಾಕಿತ್ತು. ಜ್ವರ ಬಹಳ ದಿನ ನಿಲ್ಲಲಿಲ್ಲ. ಅದೇ ನವೆಂಬರ್‌ನಲ್ಲಿ ಫ್ಲಿಪ್‌ಕಾರ್ಟ್ ಲೈಟ್ ಎಂಬ ವೆಬ್ ಆ್ಯಪ್ ಬಂತು; ಮಿಂತ್ರಾ ಸೈಟು 2016ರ ಜೂನ್‌ನಲ್ಲಿ ಮತ್ತೆ ಕಣ್ಣುಬಿಟ್ಟಿತು. ಫ್ಲಿಪ್‌ಕಾರ್ಟ್ ಲೈಟ್‌ನ ಲೆಕ್ಕಗಳು ಆಮೇಲೆ ಹೊರಬಿದ್ದವು. ಅದಕ್ಕೆ ಬರುತ್ತಿದ್ದವರಲ್ಲಿ ಶೇ. 63 ಮಂದಿ 2ಜಿಯಲ್ಲಿದ್ದರು. ಹಳೆಯ ಮೊಬೈಲ್ ಸೈಟಿನಲ್ಲಿ 70 ಸೆಕೆಂಡು ನಿಲ್ಲುತ್ತಿದ್ದ ಗಿರಾಕಿ ಇಲ್ಲಿ ಮೂರೂವರೆ ನಿಮಿಷ ನಿಂತ. ಹೋಮ್ ಸ್ಕ್ರೀನಿನ ಐಕಾನು ಒತ್ತಿ ಬಂದವರು ಉಳಿದವರಿಗಿಂತ ಶೇ. 70ರಷ್ಟು ಹೆಚ್ಚು ಕೊಂಡರು. ಕೋಟಿಗಟ್ಟಲೆ ಗಿರಾಕಿಗಳಿದ್ದ ಕಂಪನಿಯೇ ಎಲ್ಲರ ಕೈಲೂ ಆ್ಯಪ್ ಹಾಕಿಸಲಾರದೆ ಹಿಂದೆ ಬಂದಿತೆಂದ ಮೇಲೆ, ನಮ್ಮ ಬೀದಿಯ ಬೇಕರಿ ಯಾವ ಧೈರ್ಯದ ಮೇಲೆ ಆ್ಯಪ್ ಮಾಡಿಸಲು ಹೊರಟಿದೆ ಎಂದು ನನಗೆ ಆಗಾಗ ಅನ್ನಿಸುವುದುಂಟು.

ಇದೇ ಊರಿನ ಓಲಾ 2017ರಲ್ಲಿ ತಂದ ವೆಬ್ ಆ್ಯಪ್‌ನ ತೂಕ ಬರೀ 200 ಕೆಬಿ. ಅವರದೇ ಆಂಡ್ರಾಯ್ಡ್ ಆ್ಯಪ್ ಆಗ 60 ಎಂಬಿ ಇತ್ತು. ಇನ್ನೂ ಸ್ವಾರಸ್ಯದ್ದು ಬೇರೆ ಇದೆ: ವೆಬ್ ಮೂಲಕ ಗಾಡಿ ಬುಕ್ ಮಾಡಿದವರಲ್ಲಿ ಶೇ. 20 ಮಂದಿ ಹಿಂದೆ ಆ್ಯಪ್ ಹಾಕಿಕೊಂಡು, ಕಿತ್ತೆಸೆದವರು!

ಕಿತ್ತೆಸೆಯುವುದು ಏಕೆಂದು ತಿಳಿಯಲು ಸಮೀಕ್ಷೆ ಬೇಕಿಲ್ಲ, ಸಂಜೆ ಯಾವುದಾದರೂ ಕಾಂಡಿಮೆಂಟ್ಸ್ ಅಂಗಡಿಯ ಗಲ್ಲಾದ ಪಕ್ಕ ಹತ್ತು ನಿಮಿಷ ನಿಂತರೆ ಸಾಕು. ನಾನು ನಿಂತ ಅಂಗಡಿಯ ಹೆಸರು ಬೇಡ. ‘ಆ್ಯಪ್ ಡೌನ್‌ಲೋಡ್ ಮಾಡಿ, 50 ರೂಪಾಯಿ ಕಡಿತ’ ಎಂದು ಕೋಡುಬಳೆ ಡಬ್ಬಿಗೆ ಚೀಟಿ ಅಂಟಿಸಿದ್ದರು. ನನ್ನ ಮುಂದಿದ್ದ ಹೆಂಗಸು ಸ್ಕ್ಯಾನ್ ಮಾಡಿದರು. ಫೋನು ‘ಸ್ಟೋರೇಜ್ ಫುಲ್’ ಅಂದಿತು. ಯಾರದೋ ಸೀಮಂತದ ವಿಡಿಯೊ ಎರಡು, ಗುಡ್ ಮಾರ್ನಿಂಗ್ ಚಿತ್ರಗಳ ಒಂದು ರಾಶಿ ಅಳಿಸಿದರು. ಡೌನ್‌ಲೋಡ್ ಆಯಿತು, ನಂಬರ್ ಹಾಕಿದರು, ಒಟಿಪಿ ಬರಲಿಲ್ಲ. ಹಿಂದೆ ಕ್ಯೂ ಬೆಳೆಯಿತು. ‘ಇರ್ಲಿ ಬಿಡಪ್ಪ, ಪೂರಾ ದುಡ್ಡೇ ತಗೋ’ ಎಂದು ಚಕ್ಕುಲಿ ಪೊಟ್ಟಣ ಎತ್ತಿಕೊಂಡು ಹೊರಟರು. ಬೀದಿ ದಾಟುವಷ್ಟರಲ್ಲಿ ಆ್ಯಪನ್ನೂ ಅಳಿಸಿರುತ್ತಾರೆ ಎಂದು ನಾನು ಪಣ ಕಟ್ಟಬಲ್ಲೆ. ಮೂಗಿಗಿಂತ ಮೂಗುತಿ ಭಾರವಾಗುವುದು ಹೀಗೆ.

ನೆಟ್ ಇಲ್ಲದಿದ್ದರೂ ವೆಬ್‌ಸೈಟ್ ತೆರೆದೀತು ಎಂದರೆ ನಂಬುತ್ತೀರಾ? ಸರ್ವಿಸ್ ವರ್ಕರ್ ಮಾಡುವ ಕೆಲಸವೇ ಅದು. ಪುಟಕ್ಕೂ ನೆಟ್‌ವರ್ಕಿಗೂ ನಡುವೆ ಕೂತು, ಮೊದಲ ಭೇಟಿಯಲ್ಲೇ ಮೆನು, ಚಿತ್ರ, ಫಾಂಟುಗಳನ್ನು ಫೋನಿನೊಳಗೆ ತೆಗೆದಿಟ್ಟುಕೊಳ್ಳುತ್ತದೆ. ಮುಂದಿನ ಸಲ ಸಿಗ್ನಲ್ ಕೈಕೊಟ್ಟರೆ ಒಳಗಿನ ದಾಸ್ತಾನಿನಿಂದ ಬಡಿಸುತ್ತದೆ. ನಿಮಗೆ ಸೈಟು ಮಾಡಿಕೊಟ್ಟವರು ‘ಇದು ಪಿಡಬ್ಲ್ಯುಎ ಸಾರ್’ ಎಂದು ಬಿಲ್ ಕೊಟ್ಟರೆ, ಹಣ ಕೊಡುವ ಮುನ್ನ ಒಮ್ಮೆ ಸೈಟು ತೆರೆದು ಮುಚ್ಚಿ, ಏರೋಪ್ಲೇನ್ ಮೋಡ್‌ಗೆ ಹಾಕಿ, ಮತ್ತೆ ತೆರೆಯಿರಿ. ಕ್ರೋಮ್‌ನ ‘ನೆಟ್ ಇಲ್ಲ’ ಎನ್ನುವ ಡೈನೋಸಾರ್ ಕಂಡರೆ ಬಿಲ್ ವಾಪಸ್ ಕೊಡಿ.

ಪ್ಲೇ ಸ್ಟೋರ್ ಖಾತೆಗೆ 25 ಡಾಲರ್, ಒಂದೇ ಸಲ. ಆ್ಯಪಲ್‌ಗೆ 99 ಡಾಲರ್, ಪ್ರತಿವರ್ಷ. ಇದು ಎಲ್ಲರಿಗೂ ಗೊತ್ತಿರುವ ಲೆಕ್ಕ. ಗೊತ್ತಿಲ್ಲದ್ದು ಇನ್ನೊಂದಿದೆ: 2023ರ ನವೆಂಬರ್ ನಂತರ ವೈಯಕ್ತಿಕ ಹೆಸರಿನಲ್ಲಿ ಪ್ಲೇ ಖಾತೆ ತೆರೆದವರು ಆ್ಯಪ್ ಬಿಡುಗಡೆಗೆ ಮುನ್ನ 20 ಜನರಿಂದ 14 ದಿನ ಸತತವಾಗಿ ಪರೀಕ್ಷೆ ಮಾಡಿಸಬೇಕಿತ್ತು. ಮರುವರ್ಷದ ಕೊನೆಗೆ ಅದನ್ನು 12ಕ್ಕೆ ಇಳಿಸಿದರು. ಭಾವಮೈದುನ, ಸೋದರಮಾವ, ಹಾಲಿನವನು ಎಂದೆಲ್ಲ ಹನ್ನೆರಡು ಜನರನ್ನು ಗುಡ್ಡೆಹಾಕುವುದು ಮದುವೆಗೆ ಕರೆದಂತೆಯೇ.

ಅಲ್ಲಿಗೂ ಮುಗಿಯುವುದಿಲ್ಲ. ಆಂಡ್ರಾಯ್ಡ್‌ನ ಹೊಸ ಆವೃತ್ತಿಗೆ ತಕ್ಕಂತೆ ಆ್ಯಪನ್ನು ಆಗಾಗ ತಿದ್ದುತ್ತಿರಬೇಕು. ಇದಕ್ಕೆ ಗೂಗಲ್ ಪ್ರತಿವರ್ಷ ಗಡುವು ಕೊಡುತ್ತದೆ. ಮಾಡಿಸಿ ಹಾಗೇ ಬಿಟ್ಟ ಆ್ಯಪ್, ಹೊಸ ಫೋನ್ ಕೊಂಡವರಿಗೆ ಹುಡುಕಿದರೂ ಸಿಗದ ಕಾಲ ಬರುತ್ತದೆ.

ಕಮಿಷನ್ ವಿಷಯದಲ್ಲಿ ತಪ್ಪು ತಿಳಿವಳಿಕೆ ಬಹಳ. ಚಕ್ಕುಲಿ, ಸೀರೆ, ಪ್ಲಂಬಿಂಗ್ ಕೆಲಸ ಇಂಥವನ್ನು ಆ್ಯಪ್‌ನಲ್ಲಿ ಮಾರಿದರೆ ಆ್ಯಪಲ್ ಆಗಲಿ ಗೂಗಲ್ ಆಗಲಿ ಪಾಲು ಕೇಳುವುದಿಲ್ಲ. ಪಾಲು ಕೇಳುವುದು ಡಿಜಿಟಲ್ ಸರಕಿಗೆ. ಅಂದರೆ ನಿಮ್ಮ ಸಂಗೀತ ಮೇಷ್ಟ್ರು ವೀಣೆ ಮಾರಿದರೆ ಏನೂ ಇಲ್ಲ. ರೆಕಾರ್ಡ್ ಮಾಡಿದ ವೀಣಾಪಾಠದ ಚಂದಾವನ್ನು ಆ್ಯಪ್‌ನೊಳಗೆ ಮಾರಿದರೆ ಕತ್ತರಿ! ಮೊದಲು ಶೇ. 30 ಇದ್ದದ್ದು, 2021ರಲ್ಲಿ ವರ್ಷಕ್ಕೆ ಹತ್ತು ಲಕ್ಷ ಡಾಲರ್ ಒಳಗಿನ ಸಣ್ಣವರಿಗೆ ಶೇ. 15 ಆಯಿತು. ಅದೇ ಚಂದಾವನ್ನು ತಮ್ಮ ಸೈಟಿನಲ್ಲಿ ಯುಪಿಐ ಮೂಲಕ ಪಡೆದರೆ ಸ್ಟೋರಿಗೆ ಪಾಲಿಲ್ಲ. ಬ್ಯಾಂಕ್ ಖಾತೆಯಿಂದ ಹೋಗುವ ಯುಪಿಐ ಪಾವತಿಗೆ 2020ರ ಜನವರಿಯಿಂದ ಎಂಡಿಆರ್ ಎಂಬ ವ್ಯಾಪಾರಿ ಶುಲ್ಕ ಕೂಡ ಸೊನ್ನೆ. ಪಾಠ ಹೇಳುವವರು, ಜಾತಕ ಬರೆಯುವವರು ಆ್ಯಪ್ ಮಾಡಿಸುವ ಮೊದಲು ಈ ಒಂದು ಲೆಕ್ಕವನ್ನು ಎರಡು ಸಲ ಹಾಕಬೇಕು.

ಸ್ಟೋರ್ ಎಂದರೆ ಬಾಡಿಗೆ ಮಳಿಗೆ. 2020ರ ಸೆಪ್ಟೆಂಬರ್ 18ರಂದು ಪೇಟಿಎಂ ಆ್ಯಪ್ ಕೆಲವು ಗಂಟೆ ಪ್ಲೇ ಸ್ಟೋರಿನಿಂದಲೇ ಮಾಯವಾಗಿತ್ತು. ಮರುತಿಂಗಳು ಅವರು ತಮ್ಮದೇ ಮಿನಿ ಆ್ಯಪ್ ಸ್ಟೋರ್ ತೆರೆದರು. ಅದರೊಳಗಿನ ಸರಕೆಲ್ಲ ವೆಬ್ ಆ್ಯಪ್‌ಗಳೇ. 2024ರ ಮಾರ್ಚ್ 1ರಂದು ಶುಲ್ಕದ ಜಗಳದಲ್ಲಿ ನೌಕ್ರಿ, ಶಾದಿ, 99ಏಕರ್ಸ್‌ನಂಥ ಭಾರತೀಯ ಆ್ಯಪ್‌ಗಳು ಹೊರಬಿದ್ದವು. ಮಂತ್ರಿಗಳ ಮಟ್ಟದಲ್ಲಿ ಮಾತುಕತೆಯಾಗಿ ಕೆಲವೇ ದಿನಗಳಲ್ಲಿ ಒಳಬಂದವು. ನಿಮ್ಮ ಟೈಲರಿಂಗ್ ಅಂಗಡಿಗಾಗಿ ಯಾವ ಮಂತ್ರಿ ಫೋನ್ ಮಾಡುತ್ತಾರೆ?

ಹಾಗಂತ ವೆಬ್ ಪಕ್ಷದವರು ಬೀಗಬೇಕಿಲ್ಲ. ಮೊಬೈಲಿನಲ್ಲಿ ಎಚ್‌ಟಿಎಂಎಲ್5 ಎಂಬ ವೆಬ್ ತಂತ್ರಜ್ಞಾನದ ಮೇಲೆ ಅತಿಯಾಗಿ ನೆಚ್ಚಿದ್ದು ಫೇಸ್‌ಬುಕ್ ಕಂಪನಿಯ ಅತಿದೊಡ್ಡ ತಪ್ಪು ಎಂದು 2012ರಲ್ಲಿ ಮಾರ್ಕ್ ಝಕರ್‌ಬರ್ಗ್ ಬಹಿರಂಗವಾಗಿ ಒಪ್ಪಿಕೊಂಡರು. ಲಂಡನ್ನಿನ ಫೈನಾನ್ಷಿಯಲ್ ಟೈಮ್ಸ್ 2011ರಲ್ಲಿ ಆ್ಯಪಲ್ ಜೊತೆ ಮುನಿಸಿಕೊಂಡು ವೆಬ್ ಆ್ಯಪ್‌ಗೆ ಹೋಗಿ, ಆರು ವರ್ಷ ಹಟ ಹಿಡಿದು, 2017ರಲ್ಲಿ ಸ್ಟೋರಿಗೇ ಮರಳಿತು.

ಐಫೋನಿನಲ್ಲಿ ವೆಬ್ ಆ್ಯಪ್ ಇಂದಿಗೂ ಮಲತಾಯಿಯ ಮಗು. ಸರ್ವಿಸ್ ವರ್ಕರ್ ಅಲ್ಲಿ ಬಂದದ್ದೇ 2018ರ ಮಾರ್ಚ್‌ನಲ್ಲಿ. ‘ನಿಮ್ಮ ಆರ್ಡರ್ ರೆಡಿ’ ಎಂಬ ನೋಟಿಫಿಕೇಶನ್ ಕಳಿಸಲು 2023ರ ಮಾರ್ಚ್‌ವರೆಗೆ ಕಾಯಬೇಕಾಯಿತು, ಅದೂ ಗಿರಾಕಿ ಮೊದಲು ಸೈಟನ್ನು ಹೋಮ್ ಸ್ಕ್ರೀನಿಗೆ ಸೇರಿಸಿಕೊಂಡಿದ್ದರೆ ಮಾತ್ರ. ಆಂಡ್ರಾಯ್ಡ್‌ನಲ್ಲಿ ಕ್ರೋಮೇ ‘ಇನ್‌ಸ್ಟಾಲ್ ಮಾಡಲೇ?’ ಎಂದು ಕೇಳುತ್ತದೆ. ಐಫೋನಿನಲ್ಲಿ ಶೇರ್ ಗುಂಡಿ ಒತ್ತಿ, ಪಟ್ಟಿಯನ್ನು ಕೆಳಗೆ ಸರಿಸಿ, ‘ಹೋಮ್ ಸ್ಕ್ರೀನಿಗೆ ಸೇರಿಸು’ ಎಂಬುದನ್ನು ಗಿರಾಕಿಯೇ ಹುಡುಕಬೇಕು. ನಿಮ್ಮ ಗಿರಾಕಿಗಳಲ್ಲಿ ಹತ್ತಕ್ಕೆ ಒಂಬತ್ತು ಆಂಡ್ರಾಯ್ಡ್ ಇದ್ದರೆ ಇದು ತಲೆನೋವಲ್ಲ. ನೀವು ಇಂದಿರಾನಗರದಲ್ಲಿ ದುಬಾರಿ ಕೇಕ್ ಮಾರುವವರಾದರೆ ಲೆಕ್ಕ ಬೇರೆ.

ಇನ್ನೊಂದು ಕೊಕ್ಕೆ: ಗಿರಾಕಿ ಏಳು ದಿನ ಸಫಾರಿ ಬಳಸಿಯೂ ನಿಮ್ಮ ಪುಟ ಮುಟ್ಟದಿದ್ದರೆ, ಆ ಪುಟ ತನ್ನ ಸ್ಕ್ರಿಪ್ಟಿನ ಮೂಲಕ ಕೂಡಿಟ್ಟದ್ದನ್ನು ಸಫಾರಿ ಗುಡಿಸಿಹಾಕುತ್ತದೆ. ಅರ್ಧ ತುಂಬಿದ ಬುಟ್ಟಿಯೂ ಅದರಲ್ಲಿ ಹೋದೀತು. ಹೋಮ್ ಸ್ಕ್ರೀನಿಗೆ ಸೇರಿದ್ದಕ್ಕೆ ಈ ಕಾಟ ಇಲ್ಲ.

ವೆಬ್ ಆ್ಯಪ್ ಎಲ್ಲಿ ಮುಗ್ಗರಿಸುತ್ತದೆ ಗೊತ್ತೇ? ಎರಡಿಂಚಿನ ಬಿಲ್ ಪ್ರಿಂಟರಿನ ಮುಂದೆ! ಬ್ರೌಸರಿನ ವೆಬ್ ಬ್ಲೂಟೂತ್‌ಗೆ ಅರ್ಥವಾಗುವುದು ಲೋ ಎನರ್ಜಿ ಬ್ಲೂಟೂತ್ ಮಾತ್ರ. ಅಗ್ಗದ ಥರ್ಮಲ್ ಪ್ರಿಂಟರುಗಳಲ್ಲಿ ಅನೇಕವು ಹಳೆಯ ಕ್ಲಾಸಿಕ್ ಬ್ಲೂಟೂತ್‌ನವು. ಒಂದೇ ಮೇಜಿನ ಮೇಲೆ ಫೋನು, ಪ್ರಿಂಟರು ಅಕ್ಕಪಕ್ಕ ಕೂತಿದ್ದರೂ ಅತ್ತೆ-ಸೊಸೆಯಂತೆ ಮಾತಿಲ್ಲ. ಐಫೋನಿನ ಸಫಾರಿಯಲ್ಲಂತೂ ವೆಬ್ ಬ್ಲೂಟೂತ್ ಎಂಬುದೇ ಇಲ್ಲ. ಡೆಲಿವರಿ ಹುಡುಗ ಫೋನನ್ನು ಜೇಬಿಗಿಟ್ಟು ಬೈಕ್ ಓಡಿಸುವಾಗ ಅವನೆಲ್ಲಿದ್ದಾನೆಂದು ನೋಡುತ್ತಿರುವುದೂ ವೆಬ್‌ಗೆ ಆಗದ ಕೆಲಸ. ಪರದೆ ಆರಿದರೆ ಲೊಕೇಶನ್ನೂ ನಿಂತಿತು. ಆದ್ದರಿಂದ ನಾನು ಕೇಳಿದವರಿಗೆ ಹೇಳುವುದಿಷ್ಟು: ಗಲ್ಲಾದ ಒಳಗೆ ಕೂತವರಿಗೆ, ಬೈಕಿನ ಮೇಲಿರುವವರಿಗೆ ನೇಟಿವ್ ಆ್ಯಪ್, ಅಂದರೆ ಫೋನಿಗೆಂದೇ ಬರೆದ ಆ್ಯಪ್, ಮಾಡಿಸಿ. ಐದೇ ಜನ, ಸಂಬಳದವರು, ಹಾಕಿಕೋ ಅಂದರೆ ಹಾಕಿಕೊಳ್ಳುತ್ತಾರೆ. ಗಲ್ಲಾದ ಹೊರಗೆ ನಿಂತವರಿಗೆ ಲಿಂಕ್ ಕೊಡಿ. ಅಂಗಡಿಗೆ ಒಂದೇ ಉತ್ತರ ಇರಬೇಕೆಂದು ಯಾರು ಹೇಳಿದರು?

ಆಂಡ್ರಾಯ್ಡ್ 13ರಿಂದ ನೇಟಿವ್ ಆ್ಯಪ್ ಕೂಡ ನೋಟಿಫಿಕೇಶನ್‌ಗೆ ಅಪ್ಪಣೆ ಕೇಳಲೇಬೇಕು. ‘ಆ್ಯಪ್ ಇದ್ದರೆ ದಿನಾ ಮೆಸೇಜ್ ಬಿಡಬಹುದು’ ಎಂಬ ಆಸೆಗೆ ಅಲ್ಲಿಗೆ ತಣ್ಣೀರು.

ವೆಬ್ ಆ್ಯಪನ್ನೇ ಪ್ಲೇ ಸ್ಟೋರಿನಲ್ಲೂ ಇಡಬಹುದು. 2019ರಲ್ಲಿ ಕ್ರೋಮ್ 72ರ ಜೊತೆ ಬಂದ ಟ್ರಸ್ಟೆಡ್ ವೆಬ್ ಆ್ಯಕ್ಟಿವಿಟಿ ಎಂಬ ಏರ್ಪಾಡು ಇದಕ್ಕೆಂದೇ ಇದೆ. ಸೈಟೂ ಆ್ಯಪ್ಪೂ ಒಬ್ಬರವೇ ಎಂದು ಸಾರುವ ಒಂದು ಸಣ್ಣ ಕಡತವನ್ನು ಸರ್ವರಿನಲ್ಲಿ ಇಡಬೇಕು. ಮರೆತರೆ ಆ್ಯಪ್‌ನ ತಲೆಯ ಮೇಲೆ ಬ್ರೌಸರಿನ ವಿಳಾಸಪಟ್ಟಿ ಇಣುಕಿ ಗುಟ್ಟು ರಟ್ಟಾಗುತ್ತದೆ. ಆ್ಯಪಲ್ ಅಂಗಡಿಯಲ್ಲಿ ಈ ಆಟ ನಡೆಯದು. ಬರೀ ವೆಬ್‌ಸೈಟಿಗೆ ಹೊದಿಕೆ ಹೊದಿಸಿ ತಂದದ್ದನ್ನು ಅವರು ನಿಯಮ ತೋರಿಸಿ ತಿರಸ್ಕರಿಸುತ್ತಾರೆ.

ಮ್ಯಾನಿಫೆಸ್ಟ್‌ನಲ್ಲಿ ಅಂಗಡಿಯ ಹೆಸರನ್ನು ಕನ್ನಡದಲ್ಲೇ ಬರೆಯಬಹುದು. ಆದರೆ ಐಕಾನಿನ ಕೆಳಗೆ ಜಾಗ ಬಲು ಕಿರಿದು, ಹನ್ನೆರಡು ಅಕ್ಷರ ದಾಟಬೇಡಿ ಎಂಬುದು ವಾಡಿಕೆಯ ಸಲಹೆ. ನಮ್ಮ ‘ಶ್ರೀ’ ಒಂದೇ ಕಂಪ್ಯೂಟರ್ ಲೆಕ್ಕದಲ್ಲಿ ನಾಲ್ಕು ಸಂಕೇತ: ಶ, ಹಲಂತ, ರ, ದೀರ್ಘ. ‘ಶ್ರೀ ವೆಂಕಟೇಶ್ವರ ಪ್ರಾವಿಷನ್ ಸ್ಟೋರ್ಸ್’ ಎಂದು ಪೂರ್ತಿ ಬರೆದರೆ ಫೋನಿನಲ್ಲಿ ಉಳಿಯುವುದು ‘ಶ್ರೀ ವೆಂಕ…’. ಬೀದಿಯವರು ಕರೆಯುವ ಅಡ್ಡಹೆಸರನ್ನು ಹಾಕುವುದೇ ಮೇಲು.

ಬರೀ ಲಿಂಕ್ ಎಷ್ಟು ದೂರ ಹೋದೀತು ಎಂಬುದಕ್ಕೆ ಒಂದು ಕತೆ: 2021ರ ನವೆಂಬರ್ 1ರಂದು ವರ್ಡಲ್ ಎಂಬ ಪದದಾಟ ಆಡಿದವರು 90 ಜನ. ಜನವರಿ 2ಕ್ಕೆ ಮೂರು ಲಕ್ಷ. ಜಾಶ್ ವಾರ್ಡಲ್ ಎಂಬೊಬ್ಬರು ಮಾಡಿದ ಆ ಆಟಕ್ಕೆ ಆ್ಯಪ್ ಇರಲಿಲ್ಲ, ಜಾಹೀರಾತಿರಲಿಲ್ಲ. ಒಂದು ವೆಬ್ ಪುಟ, ಅಷ್ಟೇ. ತಿಂಗಳ ಕೊನೆಗೆ ನ್ಯೂಯಾರ್ಕ್ ಟೈಮ್ಸ್ ಅದನ್ನು ಕೊಂಡಿತು. ಆದರೂ ಜನ ಅಭ್ಯಾಸಬಲದಿಂದ ಸ್ಟೋರಿಗೇ ಹೋಗಿ ಹುಡುಕಿದರು. ಅಲ್ಲಿ ಅದೇ ಹೆಸರಿನ, ಬೇರೊಬ್ಬ ಹುಡುಗ ಎಷ್ಟೋ ವರ್ಷದ ಹಿಂದೆ ಮಾಡಿ ಮರೆತಿದ್ದ, ಸಂಬಂಧವೇ ಇಲ್ಲದ ಆಟವೊಂದಿತ್ತು. ಅದು ಲಕ್ಷಗಟ್ಟಲೆ ಡೌನ್‌ಲೋಡ್ ಆಯಿತು. ಬಂದ ದುಡ್ಡು ತನ್ನದಲ್ಲವೆಂದು ಆತ ಅದನ್ನು ಮಕ್ಕಳ ಪಾಠದ ಸೇವಾಸಂಸ್ಥೆಗೆ ಕೊಟ್ಟುಬಿಟ್ಟ.