ಗಾಥಿಕ್: ಹೆಸರು ಒಂದು, ಅರ್ಥ ಹಲವು

ಚರ್ಚು, ದೆವ್ವದ ಕಾದಂಬರಿ, ಕಂಪ್ಯೂಟರಿನ ಫಾಂಟು, ರಾಕ್ ಸಂಗೀತ ಎಲ್ಲಕ್ಕೂ ‘ಗಾಥಿಕ್’ ಎಂಬ ಹಣೆಪಟ್ಟಿ ಇದೆ. ಹಣೆಪಟ್ಟಿ ಒಂದೇ ಆದ್ದರಿಂದ ಗೊಂದಲಗಳೂ ಹುಟ್ಟಿಕೊಂಡಿವೆ.

ತಪ್ಪು ಕಲ್ಪನೆ: ಗಾಥಿಕ್ ಚರ್ಚುಗಳನ್ನು ಕಟ್ಟಿದವರು ಗಾಥರು.

ಸತ್ಯ: ಗಾಥರು ಜರ್ಮನಿಕ್ ಮೂಲದ ಜನ. ಅಲಾರಿಕನ ಮುಂದಾಳತ್ವದಲ್ಲಿ ಅವರು 410ರಲ್ಲಿ ರೋಮ್ ನಗರವನ್ನು ಸೂರೆಗೈದರು. ಚೂಪು ಕಮಾನಿನ ಈ ಶೈಲಿ ಮೈದಳೆದದ್ದು 1140ರ ದಶಕದಲ್ಲಿ, ಪ್ಯಾರಿಸ್ ಪಕ್ಕದ ಸೇಂಟ್ ಡೆನಿಸ್ ಮಠದ ಚರ್ಚಿನಲ್ಲಿ. ಅಷ್ಟರಲ್ಲಿ ಗಾಥರ ರಾಜ್ಯಗಳು ಅಳಿದು ನಾಲ್ಕು ಶತಮಾನ ದಾಟಿತ್ತು. ಹೆಸರು ಅಂಟಿದ್ದು ಬೈಗುಳವಾಗಿ. ರೋಮನ್ ಮಾದರಿಯೇ ಶ್ರೇಷ್ಠ ಎಂದು ನಂಬಿದ್ದ ಇಟಲಿಯ ಕಲಾವಿದ ವಸಾರಿ, 1550ರ ತಮ್ಮ ಪುಸ್ತಕದಲ್ಲಿ ಇಂಥ ಕಟ್ಟಡಗಳನ್ನು ಅನಾಗರಿಕ ಗಾಥರ ತಲೆಗೆ ಕಟ್ಟಿದರು.

ತಪ್ಪು ಕಲ್ಪನೆ: ಗಾಥಿಕ್ ಎಂದರೆ ಕತ್ತಲೆ, ಭಯ.

ಸತ್ಯ: ಗಾಥಿಕ್ ಚರ್ಚು ಕಟ್ಟಿದ ಶಿಲ್ಪಿಗಳಿಗೆ ಬೇಕಿದ್ದದ್ದು ಬೆಳಕು. ಚಾವಣಿಯ ಭಾರವನ್ನು ಹೊರಗಿನ ಆಸರೆ ಕಮಾನುಗಳು ಹೊತ್ತುಕೊಂಡವು; ಗೋಡೆಯಲ್ಲಿ ದೊಡ್ಡ ದೊಡ್ಡ ಕಿಟಕಿ ತೆರೆಯಲು ಜಾಗವಾಯಿತು. ಫ್ರಾನ್ಸಿನ ಶಾರ್ತ್ರ್ ಚರ್ಚಿನ ನೆಲದ ಮೇಲೆ ಇಂದಿಗೂ ಬಿಸಿಲು ನೀಲಿ, ಕೆಂಪಾಗಿ ಬೀಳುತ್ತದೆ. ಕತ್ತಲೆ ಬಂದದ್ದು ಸಾಹಿತ್ಯದಿಂದ. ಇಂಗ್ಲೆಂಡಿನ ಹೊರೇಸ್ ವಾಲ್ಪೋಲ್ 1764ರ ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’ ಕಾದಂಬರಿಯ ಎರಡನೇ ಮುದ್ರಣಕ್ಕೆ ‘ಗಾಥಿಕ್ ಕತೆ’ ಎಂಬ ಉಪಶೀರ್ಷಿಕೆ ಕೊಟ್ಟರು. ಅವರ ಲೆಕ್ಕದಲ್ಲಿ ಅದು ಮಧ್ಯಯುಗದ ಕತೆ. ಅದರೊಳಗಿನ ಕೋಟೆ, ಶಾಪ, ಭೂತಗಳೇ ಕ್ರಮೇಣ ಪದದ ಅರ್ಥವಾದವು. 1970ರ ದಶಕದ ಕೊನೆಗೆ ಬ್ರಿಟನ್ನಿನ ಕಪ್ಪುಡುಗೆಯ ರಾಕ್ ತಂಡಗಳಿಗೆ ದಕ್ಕಿದ್ದು ಈ ಅರ್ಥ.

ತಪ್ಪು ಕಲ್ಪನೆ: ಗಾಥಿಕ್ ಲಿಪಿ ಗಾಥರದು.

ಸತ್ಯ: ಗಾಥರ ಭಾಷೆಗೆ ಬೇರೆಯೇ ಲಿಪಿ ಇತ್ತು. 4ನೇ ಶತಮಾನದಲ್ಲಿ ಬಿಷಪ್ ವುಲ್ಫಿಲ ಬೈಬಲ್ ಅನುವಾದಕ್ಕಾಗಿ, ಮುಖ್ಯವಾಗಿ ಗ್ರೀಕ್ ಅಕ್ಷರಗಳನ್ನು ಆಧರಿಸಿ ಅದನ್ನು ರೂಪಿಸಿದ. ಆ ಅನುವಾದದ ಒಂದು ಪ್ರತಿ, ನೇರಳೆ ಚರ್ಮಪತ್ರದ ಮೇಲೆ ಬೆಳ್ಳಿ ಶಾಯಿಯಲ್ಲಿ ಬರೆದದ್ದು, ಸ್ವೀಡನ್ನಿನ ಉಪ್ಸಾಲದಲ್ಲಿದೆ. ಗುಟೆನ್‌ಬರ್ಗ್ ಬೈಬಲಿನಲ್ಲಿ ಕಾಣುವ ದಪ್ಪ, ಮುರಿದ ಗೆರೆಗಳ ‘ಗಾಥಿಕ್’ ಲ್ಯಾಟಿನ್ ಲಿಪಿಯದೇ ಒಂದು ಬರವಣಿಗೆ. ‘ಫ್ರ್ಯಾಂಕ್ಲಿನ್ ಗಾಥಿಕ್’ ಫಾಂಟಿನಲ್ಲಿ ಆ ಮುರಿದ ಗೆರೆಗಳೂ ಇಲ್ಲ, ಎಲ್ಲ ಸರಳ, ಬೋಳು ಅಕ್ಷರ.

ತಪ್ಪು ಕಲ್ಪನೆ: ಗಾಥಿಕ್ ಕಟ್ಟಡವೆಲ್ಲ ಮಧ್ಯಯುಗದ್ದು.

ಸತ್ಯ: ಮೈಸೂರಿನ ಸಂತ ಫಿಲೋಮಿನಾ ಚರ್ಚಿಗೆ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಇಟ್ಟದ್ದು 1933ರಲ್ಲಿ. ಅದಕ್ಕೆ ಮಾದರಿಯೆನ್ನುವ ಜರ್ಮನಿಯ ಕಲೋನ್ ಚರ್ಚಿನ ಕೆಲಸ 1248ರಲ್ಲಿ ಶುರುವಾಗಿ, ನಡುವೆ ಶತಮಾನಗಟ್ಟಲೆ ನಿಂತು, 1880ರಲ್ಲಿ ಮುಗಿಯಿತು. ಗಾಥಿಕ್ ಎಂಬ ಹೆಸರು ಕಟ್ಟಿದವರ ಕುಲವನ್ನೂ ಹೇಳದು, ಕಟ್ಟಡದ ವಯಸ್ಸನ್ನೂ ಹೇಳದು.